ಸಂಚಾರ ಸಮೀಕ್ಷೆಗಳ ಚರಿತ್ರೆ: ಪ್ರಶ್ನೆಯ ವಿನ್ಯಾಸ ಮತ್ತು ಎಣಿಕೆಗೆ ಸಿಗದ ನಡಿಗೆ

ಜನರ ದೈನಂದಿನ ಓಡಾಟವನ್ನು ಅಂಕಿಗಳಲ್ಲಿ ಹಿಡಿದಿಡುವ ಪ್ರಯತ್ನವು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವ್ಯವಸ್ಥಿತ ರೂಪವನ್ನು ಪಡೆಯಿತು. ಮನೆಮನೆಗೆ ತೆರಳಿ, ಪ್ರತಿಯೊಂದು ಪ್ರಯಾಣವೂ ಎಲ್ಲಿಂದ ಹೊರಟು ಎಲ್ಲಿ ಮುಗಿಯಿತೆಂದು ವಿಚಾರಿಸುವ ಕ್ರಮವನ್ನು ಅಮೆರಿಕದ ಹಲವು ನಗರಗಳಲ್ಲಿ 1944ರಲ್ಲಿ ಕೈಗೊಳ್ಳಲಾಯಿತು. ಡಗ್ಲಾಸ್ ಕ್ಯಾರಲ್ ಅವರ ನೇತೃತ್ವದಲ್ಲಿ 1953ರಲ್ಲಿ ಡೆಟ್ರಾಯಿಟ್‌ನಲ್ಲಿಯೂ 1956ರಲ್ಲಿ ಷಿಕಾಗೊದಲ್ಲಿಯೂ ನಡೆದ ಸಮೀಕ್ಷೆಗಳು ಇದನ್ನು ನಗರಯೋಜನೆಯ ತಳಹದಿಯಾಗಿಸಿದವು. ಆದರೆ ಈ ಆರಂಭಿಕ ಸಮೀಕ್ಷೆಗಳ ಹಿಂದಿದ್ದ ಮುಖ್ಯ ಪ್ರೇರಣೆ ಹೆದ್ದಾರಿ ನಿರ್ಮಾಣವಾಗಿದ್ದುದರಿಂದ ವಾಹನ ಪ್ರಯಾಣಕ್ಕೆ ಪ್ರಾಧಾನ್ಯ ದೊರೆತು, ನಡಿಗೆಯು ಬಹುಮಟ್ಟಿಗೆ ಹೊರಗುಳಿಯಿತು.

ಎರಡನೆಯ ತೊಡಕು ಸ್ಮರಣೆಗೆ ಸಂಬಂಧಿಸಿದುದು. ಹಿಂದಿನ ದಿನದ ಓಡಾಟವನ್ನು ನೆನಪಿನಿಂದ ಹೇಳುವವರು ಚಿಕ್ಕಪುಟ್ಟ ಪ್ರಯಾಣಗಳನ್ನು ಮರೆಯುತ್ತಾರೆ. 1969ರಲ್ಲಿ ಆರಂಭವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯು 1995ರಲ್ಲಿ ಪ್ರಯಾಣ ದಿನಚರಿಯನ್ನು ಮುಂಚಿತವಾಗಿಯೇ ಕಳುಹಿಸುವ ಪದ್ಧತಿಯನ್ನು ಅಳವಡಿಸಿಕೊಂಡಿತು. ಪ್ರಯಾಣಗಳ ಸಂಖ್ಯೆ ಏರಿತು. ಆ ಏರಿಕೆಯ ಒಂದು ಭಾಗ ಜನರ ಓಡಾಟದ್ದಲ್ಲ, ಪದ್ಧತಿಯದು. ಹೀಗಾಗಿ 1990ರ ಅಂಕಿಗಳನ್ನು ಹೊಂದಿಸಿಕೊಳ್ಳದೆ ಹೋಲಿಕೆ ಸಾಧ್ಯವಾಗಲಿಲ್ಲ. ಪದ್ಧತಿಯ ಸುಧಾರಣೆಯೊಂದಿಗೆ ಹೋಲಿಕೆಯ ಸೇತುವೆಯನ್ನೂ ಕಾಯ್ದುಕೊಳ್ಳಬೇಕೆಂಬುದು ಇದರ ಪಾಠ.

ಉತ್ತರಿಸುವವರ ಹೊರೆಯೂ ಗುಣಮಟ್ಟದ ಪ್ರಶ್ನೆಯೇ. 1965ರಲ್ಲಿ ಮೊದಲುಗೊಂಡ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆಯು 7 ದಿನಗಳ ದಿನಚರಿಯನ್ನು ಬಳಸಿದರೂ, 1 ಮೈಲಿಗಿಂತ ಕಡಿಮೆ ದೂರದ ನಡಿಗೆಯನ್ನು ಬಹುಕಾಲ ಒಂದೇ ದಿನ ಬರೆಯಿಸಿಕೊಂಡಿತು. ನಡಿಗೆಯನ್ನು ಕೈಬಿಡದೆ ಬೇಸರವನ್ನು ತಗ್ಗಿಸಿದ ಕ್ರಮವಿದು. ಮುಂದೆ ಉಪಗ್ರಹ ಆಧಾರಿತ ಸ್ಥಾನಸೂಚಕಗಳು ಮಾರ್ಗವನ್ನೂ ವೇಳೆಯನ್ನೂ ನಿಖರವಾಗಿ ದಾಖಲಿಸತೊಡಗಿದವು. ಪ್ರಯಾಣದ ಉದ್ದೇಶವನ್ನು ಮಾತ್ರ ಜನರನ್ನೇ ಕೇಳಿ ದೃಢಪಡಿಸಿಕೊಳ್ಳಬೇಕಾಯಿತು.

ಭಾರತದ 2011ರ ಜನಗಣತಿಯು ಕೆಲಸದ ಸ್ಥಳಕ್ಕಿರುವ ದೂರವನ್ನೂ ಪ್ರಯಾಣದ ಸಾಧನವನ್ನೂ ಕೇಳಿತು. ಕರ್ನಾಟಕವೂ ಸೇರಿದಂತೆ ಇಡೀ ದೇಶಕ್ಕೆ ಇಂತಹ ಮಾಹಿತಿ ದೊರೆತುದು ಮಹತ್ತ್ವದ ಸಂಗತಿ. ಆದರೆ ಪ್ರಶ್ನೆಯು ‘ಇತರ ಕೆಲಸಗಾರ’ರಿಗೆ ಸೀಮಿತವಾಗಿತ್ತು, ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು ಅದರ ವ್ಯಾಪ್ತಿಗೆ ಬರಲಿಲ್ಲ. ಕೂಲಿಗಾಗಿ ನೆರೆಯೂರಿನ ಹೊಲಕ್ಕೆ ನಡೆದುಹೋಗುವ ಮಹಿಳೆ, ಮಗುವನ್ನು ಶಾಲೆಗೆ ಬಿಟ್ಟು ಪಡಿತರ ತರುವ ಗೃಹಿಣಿ ಈ ಕೋಷ್ಟಕದಲ್ಲಿ ಕಾಣುವುದಿಲ್ಲ. ಒಂದೇ ಸಾಧನವನ್ನು ದಾಖಲಿಸಿದ್ದರಿಂದ ಬಸ್ಸು ನಿಲ್ದಾಣದವರೆಗಿನ ನಡಿಗೆಯೂ ಮರೆಯಾಯಿತು. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯು 6 ವರ್ಷ ಮೇಲ್ಪಟ್ಟವರ ಇಡೀ ದಿನವನ್ನು ದಾಖಲಿಸಿ ಮನೆಗೆಲಸಕ್ಕೂ ಆರೈಕೆಗೂ ಸಂದ ಸಮಯವನ್ನು ಬೆಳಕಿಗೆ ತಂದಿತು. ಆದರೆ ಅದು ಸಾರಿಗೆ ಸಮೀಕ್ಷೆಗೆ ಪರ್ಯಾಯವಲ್ಲ.

ರಸ್ತೆಯ ಅಗಲ, ಕಾಲುದಾರಿ, ಬಸ್ಸಿನ ವೇಳೆ ಇವೆಲ್ಲ ಅಂಕಿಗಳ ಆಧಾರದ ಮೇಲೆ ನಿರ್ಧಾರವಾಗುವಾಗ, ಪ್ರಶ್ನಾವಳಿಯಿಂದ ಹೊರಗುಳಿದವರು ಯೋಜನೆಯಿಂದಲೂ ಹೊರಗುಳಿಯುತ್ತಾರೆ. ಆದ್ದರಿಂದ ಹಳೆಯ ಸಮೀಕ್ಷೆಗಳನ್ನು ಆಕರವಾಗಿ ಬಳಸುವ ಸಂಶೋಧಕರು ಅಂಕಿಗಳಿಗೆ ಮೊದಲು ಪ್ರಶ್ನಾವಳಿಯನ್ನು ಓದುವುದು ಅವಶ್ಯಕ.