ಎಸ್ಸೆಸ್ಸೆಲ್ಸಿ ರಸಾಯನಶಾಸ್ತ್ರ: ಸಮೀಕರಣ ಸರಿದೂಗಿಸೋದು ಹೇಗೆ?

ರಸಾಯನಶಾಸ್ತ್ರದಲ್ಲಿ ಹತ್ತನೇ ತರಗತಿ ಮಕ್ಕಳು ಎಡವೋದು ಸಮೀಕರಣ ಸರಿದೂಗಿಸುವಾಗ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಬಲಗಡೆ ಒಂದು ಆಕ್ಸಿಜನ್ ಪರಮಾಣು ಕಡಿಮೆ ಬರುತ್ತೆ. ಆಗ ನೀರಿನ ಸೂತ್ರದೊಳಗೇ ಆಕ್ಸಿಜನ್‌ಗೆ 2 ಅಂಟಿಸಿಬಿಟ್ಟರೆ ಅದು ನೀರಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್! ಸೂತ್ರ ಮುಟ್ಟಬಾರದು, ಸಂಖ್ಯೆಯನ್ನು ಅದರ ಎಡಗಡೆ ಬರೆಯಬೇಕು: 2 ಹೈಡ್ರೋಜನ್, 1 ಆಕ್ಸಿಜನ್, 2 ನೀರು.

ಅಡುಗೆ ಸೋಡಾ ಎಂದರೆ ಸೋಡಿಯಂ ಹೈಡ್ರೋಜನ್ ಕಾರ್ಬೋನೇಟ್. ವಾಷಿಂಗ್ ಸೋಡಾ ಸೋಡಿಯಂ ಕಾರ್ಬೋನೇಟ್, ಹರಳಿನಲ್ಲಿ ಜೊತೆಗೆ 10 ನೀರಿನ ಅಣು. ಕಿರಾಣಿ ಅಂಗಡಿಯವರ ಮಕ್ಕಳಿಗೆ ಇದು ಬೇಗ ತಲೆಗೆ ಹತ್ತುತ್ತೆ ಬಿಡಿ.

ವಿಜ್ಞಾನ ಓದದ ಪೋಷಕರೂ ನೆರವಾಗಬಹುದು. ನೋಟ್ಸ್ ಮುಚ್ಚಿಸಿ ಸಮೀಕರಣ ಬರೆಸಿ, ಆಮೇಲೆ ಬಾಣದ ಎರಡೂ ಕಡೆಯ ಪರಮಾಣುಗಳನ್ನು ಬಾಯಿಬಿಟ್ಟು ಎಣಿಸೋಕೆ ಹೇಳಿದರಾಯ್ತು.