ಸಸ್ಯಮೂಲ ಆಹಾರ, ರಕ್ತದೊತ್ತಡ ಮತ್ತು ಮಿದುಳಿನ ಆರೋಗ್ಯ

ಸಸ್ಯಮೂಲ ಆಹಾರ ಎಂದರೆ ಧಾನ್ಯ, ಬೇಳೆಕಾಳು, ಸೊಪ್ಪು, ತರಕಾರಿ, ಹಣ್ಣು, ಎಣ್ಣೆಬೀಜ ಮೊದಲಾದ ಸಸ್ಯಜನ್ಯ ಪದಾರ್ಥಗಳು ಪ್ರಧಾನವಾಗಿರುವ ಆಹಾರಕ್ರಮ. ಹಾಲು, ಮೊಟ್ಟೆ, ಮಾಂಸಗಳನ್ನು ಸಂಪೂರ್ಣವಾಗಿ ಬಿಡುವುದು ಇದರಲ್ಲಿ ಕಡ್ಡಾಯವಲ್ಲ. ಸೊಪ್ಪು, ತರಕಾರಿ, ಹಣ್ಣು, ಕಾಳುಗಳು ಹೇರಳವಾಗಿದ್ದು ಉಪ್ಪು ಕಡಿಮೆ ಇರುವ ಊಟವು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಮಿದುಳಿಗೆ ಆಗುವ ಪ್ರಯೋಜನವು ಬಹುಮಟ್ಟಿಗೆ ರಕ್ತದೊತ್ತಡದ ಹತೋಟಿಯ ಮೂಲಕ ದೊರೆಯುವಂಥದು. ನೆನಪಿನ ಶಕ್ತಿಯ ಮೇಲೆ ಆಹಾರದ ನೇರ ಪರಿಣಾಮಕ್ಕೆ ಇರುವ ಪುರಾವೆ ಅಷ್ಟು ಬಲವಾದುದಲ್ಲ. ಕಲಬುರಗಿ ಜಿಲ್ಲೆಯ ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಜೋಳ, ತೊಗರಿ ಮತ್ತು ಸೊಪ್ಪಿನ ಊಟವು ಇಂಥ ಆಹಾರಕ್ರಮಕ್ಕೆ ಒಂದು ಉದಾಹರಣೆಯಾಗಿದೆ.

ರಕ್ತದೊತ್ತಡಕ್ಕೂ ಮಿದುಳಿಗೂ ಇರುವ ಸಂಬಂಧ

ಮಿದುಳು ದೇಹತೂಕದ ಸುಮಾರು ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ಬಳಸುತ್ತದೆ. ಆದ್ದರಿಂದ ಅದರ ಆರೋಗ್ಯವು ರಕ್ತನಾಳಗಳ ಸ್ಥಿತಿಯನ್ನು ಅವಲಂಬಿಸಿದೆ. ವೈದ್ಯರು ಅಳೆದಾಗ ಒತ್ತಡವು ಮತ್ತೆ ಮತ್ತೆ 140/90 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಅದನ್ನು ಸಾಮಾನ್ಯವಾಗಿ ಅಧಿಕ ರಕ್ತದೊತ್ತಡ ಎಂದು ಪರಿಗಣಿಸಲಾಗುತ್ತದೆ. ಬಹುತೇಕರಲ್ಲಿ ಇದಕ್ಕೆ ಯಾವ ಲಕ್ಷಣವೂ ಇರುವುದಿಲ್ಲ.

ವರ್ಷಗಟ್ಟಲೆ ಹೆಚ್ಚಿದ ಒತ್ತಡವು ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಯನ್ನು ದಪ್ಪವಾಗಿಸಿ ಬಿರುಸುಗೊಳಿಸುತ್ತದೆ. ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಪಾರ್ಶ್ವವಾಯು (ಆಡುಮಾತಿನಲ್ಲಿ ಲಕ್ವ) ಉಂಟಾಗುತ್ತದೆ. ಹೊರಗೆ ಕಾಣದ ಸಣ್ಣ ಸಣ್ಣ ಹಾನಿಗಳು ಕೂಡಿಕೊಂಡು ಯೋಚನೆಯ ವೇಗವನ್ನೂ ನೆನಪನ್ನೂ ಕುಗ್ಗಿಸಬಲ್ಲವು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಮರೆಗುಳಿ ರೋಗಕ್ಕೆ (ಡಿಮೆನ್ಷಿಯಾ) ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಅಧಿಕ ರಕ್ತದೊತ್ತಡವೂ ಒಂದು.

ಕಾರ್ಯವಿಧಾನ

ಪೊಟ್ಯಾಸಿಯಮ್: ಬೇಳೆಕಾಳು, ಸೊಪ್ಪು, ಹಣ್ಣುಗಳಲ್ಲಿರುವ ಪೊಟ್ಯಾಸಿಯಮ್, ಮೂತ್ರಪಿಂಡಗಳು ಸೋಡಿಯಮ್ ಅನ್ನು ಹೊರಹಾಕಲು ನೆರವಾಗುತ್ತದೆ, ರಕ್ತನಾಳಗಳ ಸ್ನಾಯುಗಳನ್ನೂ ಸಡಿಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿ.ಗ್ರಾಂ ಪೊಟ್ಯಾಸಿಯಮ್ ಅನ್ನೂ 5 ಗ್ರಾಂಗಿಂತ ಕಡಿಮೆ ಉಪ್ಪನ್ನೂ ಶಿಫಾರಸು ಮಾಡುತ್ತದೆ.

ನೈಟ್ರೇಟ್: ಬೀಟ್‌ರೂಟ್ ಮತ್ತು ಹಲವು ಸೊಪ್ಪುಗಳಲ್ಲಿರುವ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ದೇಹದಲ್ಲಿ ಅದು ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಟ್ಟು ರಕ್ತನಾಳಗಳನ್ನು ಹಿಗ್ಗಿಸುತ್ತದೆ.

ನಾರಿನಂಶ ಮತ್ತು ಮೆಗ್ನೀಸಿಯಮ್: ಇಡೀ ಧಾನ್ಯ ಹಾಗೂ ಕಾಳುಗಳಲ್ಲಿ ಇವೆರಡೂ ದೊರೆಯುತ್ತವೆ. ನಾರಿನಂಶವು ಕೊಲೆಸ್ಟರಾಲ್ ಮತ್ತು ದೇಹತೂಕದ ನಿಯಂತ್ರಣಕ್ಕೂ ಸಹಾಯಕ.

ಪ್ರಮುಖ ಅಧ್ಯಯನಗಳು

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ 'ಡ್ಯಾಶ್' ಪ್ರಯೋಗ. ಇದರಲ್ಲಿ 459 ವಯಸ್ಕರು ಭಾಗವಹಿಸಿದ್ದರು. ಉಪ್ಪಿನ ಪ್ರಮಾಣವನ್ನೂ ದೇಹತೂಕವನ್ನೂ ಬದಲಿಸದೆ, ಹಣ್ಣು, ತರಕಾರಿ, ಇಡೀ ಧಾನ್ಯ, ಬೀಜಗಳು ಮತ್ತು ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳಿದ್ದ ಊಟವನ್ನು ಒಂದು ಗುಂಪಿಗೆ ನೀಡಲಾಯಿತು. ಸಾಮಾನ್ಯ ಅಮೆರಿಕನ್ ಊಟದ ಗುಂಪಿಗೆ ಹೋಲಿಸಿದರೆ ಅವರ ಸಂಕೋಚನ ಒತ್ತಡ (ಮೇಲಿನ ಅಂಕೆ) 5.5 ಮಿ.ಮೀ. ಹಾಗೂ ವ್ಯಾಕೋಚನ ಒತ್ತಡ (ಕೆಳಗಿನ ಅಂಕೆ) 3 ಮಿ.ಮೀ. ಹೆಚ್ಚು ಇಳಿಯಿತು. ಮೊದಲೇ ಅಧಿಕ ರಕ್ತದೊತ್ತಡವಿದ್ದವರಲ್ಲಿ ಈ ಇಳಿಕೆ 11.4 ಮತ್ತು 5.5 ಮಿ.ಮೀ.ನಷ್ಟಿತ್ತು. ಉಪ್ಪನ್ನೂ ಕಡಿಮೆ ಮಾಡಿದಾಗ ಪ್ರಯೋಜನ ಇನ್ನೂ ಹೆಚ್ಚುತ್ತದೆ ಎಂದು 2001ರ ಮುಂದಿನ ಪ್ರಯೋಗ ತೋರಿಸಿತು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದವರು ಅಥವಾ ಅಧಿಕ ರಕ್ತದೊತ್ತಡವಿದ್ದ 60 ವರ್ಷ ಮೇಲ್ಪಟ್ಟವರು. ಅಡುಗೆಯ ಉಪ್ಪಿನ ಕಾಲುಭಾಗಕ್ಕೆ ಬದಲಾಗಿ ಪೊಟ್ಯಾಸಿಯಮ್ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇ. 14ರಷ್ಟು ಕಡಿಮೆಯಿತ್ತು.

ಕಲಬುರಗಿ ಭಾಗದ ಆಹಾರ

ಜೋಳ ಮತ್ತು ತೊಗರಿ: ಎರೆಭೂಮಿಯ ಈ ಸೀಮೆಯನ್ನು 'ತೊಗರಿಯ ಕಣಜ' ಎಂದು ಕರೆಯುತ್ತಾರೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 100 ಗ್ರಾಂ ಒಣ ತೊಗರಿ ಕಾಳಿನಲ್ಲಿ ಸುಮಾರು 1,390 ಮಿ.ಗ್ರಾಂ ಪೊಟ್ಯಾಸಿಯಮ್ ಇದ್ದು ಸೋಡಿಯಮ್ ಅತ್ಯಲ್ಪ. ಬೇಳೆ ಬೇಯಿಸಿದಾಗ ಪೊಟ್ಯಾಸಿಯಮ್‌ನ ಒಂದು ಭಾಗ ನೀರಿಗೆ ಇಳಿಯುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವ ರೂಢಿಯಿಂದ ಅದು ಊಟಕ್ಕೇ ಮರಳುತ್ತದೆ. ಜೋಳವನ್ನು ಹೊಟ್ಟು ತೆಗೆಯದೆ ಬೀಸುವುದರಿಂದ ನಾರಿನಂಶ ಉಳಿಯುತ್ತದೆ. ಹಲವು ಮನೆಗಳಲ್ಲಿ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ.

ಪುಂಡಿ: ರೊಟ್ಟಿ ಅಥವಾ ಜೋಳದ ನುಚ್ಚಿನೊಂದಿಗೆ ಉಣ್ಣುವ ಹುಳಿಯಾದ ಪುಂಡಿಪಲ್ಯ ಈ ಭಾಗದಲ್ಲಿ ಪ್ರಸಿದ್ಧ. ದಾಸವಾಳದ ಕುಲಕ್ಕೆ ಸೇರಿದ ಕೆಂಪು ಪುಂಡಿಯ ಪುಷ್ಪಪಾತ್ರೆಯಿಂದ ತಯಾರಿಸಿದ ಕಷಾಯವು ಸಂಕೋಚನ ಒತ್ತಡವನ್ನು ಸ್ವಲ್ಪಮಟ್ಟಿಗೆ ಇಳಿಸುತ್ತದೆ ಎಂದು ಅಮೆರಿಕದಲ್ಲಿ 65 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಆರು ವಾರಗಳ ಪ್ರಯೋಗ ತೋರಿಸಿದೆ. ಆದರೆ ಅಲ್ಲಿ ಪರೀಕ್ಷಿಸಿದ್ದು ಹೂವಿನ ಭಾಗದ ಕಷಾಯವನ್ನು, ಸೊಪ್ಪಿನ ಪಲ್ಯವನ್ನಲ್ಲ. ಆ ಫಲಿತಾಂಶವನ್ನು ಪಲ್ಯಕ್ಕೆ ನೇರವಾಗಿ ಅನ್ವಯಿಸಲಾಗದು.

ಅಗಸಿ: ಅಗಸಿ ಬೀಜವನ್ನು ಹುರಿದು ಕುಟ್ಟಿ ಮಾಡುವ ಅಗಸಿ ಹಿಂಡಿಯು ರೊಟ್ಟಿಯ ಸಂಗಾತಿ. ಕೆನಡಾದಲ್ಲಿ ಕಾಲಿನ ರಕ್ತನಾಳಗಳ ಕಾಯಿಲೆಯಿದ್ದ 110 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 30 ಗ್ರಾಂ ಪುಡಿಮಾಡಿದ ಅಗಸಿಯನ್ನು ಆರು ತಿಂಗಳು ಸೇವಿಸಿದವರ ಸಂಕೋಚನ ಒತ್ತಡ ಇನ್ನೊಂದು ಗುಂಪಿನವರಿಗಿಂತ ಸುಮಾರು 10 ಮಿ.ಮೀ. ಕಡಿಮೆಯಿತ್ತು. ಊಟದಲ್ಲಿ ಒಂದೆರಡು ಚಮಚ ಹಿಂಡಿ ಬಳಸಿದರೆ ಇಷ್ಟು ಪ್ರಮಾಣ ಸಾಮಾನ್ಯವಾಗಿ ಸೇರುವುದಿಲ್ಲ.

ಉಪ್ಪು: ಈ ಊಟದ ದುರ್ಬಲ ಅಂಶವೆಂದರೆ ಅದರ ಜೊತೆಗೆ ಬರುವ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪು. ಬೇಳೆ ಮತ್ತು ಸೊಪ್ಪಿನಿಂದ ದೊರೆತ ಲಾಭವನ್ನು ಇವು ಬಹುಮಟ್ಟಿಗೆ ಅಳಿಸಿಹಾಕಬಲ್ಲವು. ಒಂದು ಚಹಾ ಚಮಚ ಉಪ್ಪು ಸುಮಾರು 5 ಗ್ರಾಂ. ಅದು ದಿನದ ಮಿತಿಯಷ್ಟೇ ಆಗುತ್ತದೆ. ಹಿಂಡಿ ಕುಟ್ಟುವಾಗಲೇ ಉಪ್ಪು ಕಡಿಮೆ ಮಾಡಿ ಹುಣಸೆ, ಬೆಳ್ಳುಳ್ಳಿ, ಜೀರಿಗೆಗಳಿಂದ ರುಚಿ ತುಂಬುವುದು ಒಂದು ಉಪಾಯ.

ಮಿದುಳಿನ ಕುರಿತ ಪುರಾವೆ

ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು ಡ್ಯಾಶ್ ಹಾಗೂ ಮೆಡಿಟರೇನಿಯನ್ ಆಹಾರಕ್ರಮಗಳನ್ನು ಬೆಸೆದು 'ಮೈಂಡ್' ಆಹಾರಕ್ರಮವನ್ನು ರೂಪಿಸಿದರು. ಅದನ್ನು ಹೆಚ್ಚು ಪಾಲಿಸಿದವರಲ್ಲಿ ಆಲ್‌ಝೈಮರ್ ಕಾಯಿಲೆ ಕಡಿಮೆ ಕಂಡುಬಂದಿದೆ ಎಂದು 2015ರಲ್ಲಿ ವರದಿ ಮಾಡಿದರು. ಇದು ವೀಕ್ಷಣೆಯ ಅಧ್ಯಯನವಾಗಿದ್ದು ಕಾರ್ಯಕಾರಣ ಸಂಬಂಧವನ್ನು ಸಾಬೀತುಪಡಿಸುವುದಿಲ್ಲ. 604 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಆಹಾರ ಸೇವಿಸಿದವರಿಗೂ ತಮ್ಮ ಎಂದಿನ ಊಟವನ್ನೇ ಸ್ವಲ್ಪ ಮಿತಗೊಳಿಸಿದವರಿಗೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೆ ಪ್ರತಿಯಾಗಿ, ಸಂಕೋಚನ ಒತ್ತಡವನ್ನು ಔಷಧಗಳಿಂದ 120ಕ್ಕಿಂತ ಕೆಳಗೆ ಇಳಿಸುವ ಗುರಿಯಿದ್ದ 'ಸ್ಪ್ರಿಂಟ್ ಮೈಂಡ್' ಅಧ್ಯಯನದಲ್ಲಿ (2019) ಮರೆವಿನ ಆರಂಭಿಕ ಹಂತವಾದ ಸೌಮ್ಯ ಅರಿವಿನ ಕುಂದು ಕಡಿಮೆಯಾಯಿತು. ಮರೆಗುಳಿ ರೋಗದ ಪ್ರಮಾಣದಲ್ಲಿ ಮಾತ್ರ ಖಚಿತವೆನ್ನಬಹುದಾದ ಇಳಿಕೆ ಕಂಡುಬರಲಿಲ್ಲ. ಹೀಗಾಗಿ ಯಾವುದೇ ಒಂದು ಸೊಪ್ಪು ಅಥವಾ ಬೀಜ ನೆನಪನ್ನು ಹೆಚ್ಚಿಸುತ್ತದೆ ಎನ್ನುವುದಕ್ಕಿಂತ, ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಊಟವು ಮಿದುಳಿಗೂ ಹಿತಕರ ಎನ್ನುವುದು ಹೆಚ್ಚು ಸಮಂಜಸ.

ಮಿತಿಗಳು ಮತ್ತು ಎಚ್ಚರಿಕೆಗಳು

• ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಸ್ವಾಭಾವಿಕವಾಗಿ ಸಾಕಷ್ಟು ದೊರೆಯುವುದಿಲ್ಲ. ಅದರ ಕೊರತೆಯಿಂದ ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ ಮತ್ತು ಮರೆವು ಉಂಟಾಗಬಹುದು. ಹಾಲು, ಮೊಸರು ಸಹ ಸೇವಿಸದವರಿಗೆ ಬಿ12 ಪೂರಕ ಅಗತ್ಯ.

• ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ಹಾಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ಪೊಟ್ಯಾಸಿಯಮ್ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಇವರು ಪೊಟ್ಯಾಸಿಯಮ್ ಬೆರೆತ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು.

• ಸಸ್ಯಮೂಲವಾದುದೆಲ್ಲವೂ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಜ್ಯೇಷ್ಠಮಧುವಿನ ಅತಿಸೇವನೆಯು ಒತ್ತಡವನ್ನು ಏರಿಸುತ್ತದೆ. ಮಿರ್ಚಿ ಭಜಿ, ಚೂಡಾ ಮೊದಲಾದ ಕರಿದ ಅಥವಾ ಉಪ್ಪು ಹೆಚ್ಚಿರುವ ತಿನಿಸುಗಳೂ ಸಸ್ಯಾಹಾರವೇ ಆಗಿವೆ.

• ಆಹಾರವು ಔಷಧಕ್ಕೆ ಬದಲಿಯಲ್ಲ. ಅಂಕೆ ಇಳಿದಿದೆಯೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಒತ್ತಡ ಮತ್ತೆ ಏರಿ ಪಾರ್ಶ್ವವಾಯು ಸಂಭವಿಸಬಹುದು.

• ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗಿರುವುದರಿಂದ, ನಾಟಿ ಔಷಧಿಗಾಗಿ ಸಮಯ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇವನ್ನೂ ನೋಡಿ

ಅಧಿಕ ರಕ್ತದೊತ್ತಡ
ಪಾರ್ಶ್ವವಾಯು
ತೊಗರಿ
ಜೋಳದ ರೊಟ್ಟಿ
ಅಗಸೆ
ಕಲಬುರಗಿ ಜಿಲ್ಲೆ