ಎರಡು ಪದದ ಕ್ಯಾಪ್ಶನ್ (ಕನಗನಹಳ್ಳಿ, ಭಾಗ 3)

ಮೊದಲು ಒಂದು ತಿದ್ದುಪಡಿ. ಭಾಗ 2ರಲ್ಲಿ "ಕನಗನಹಳ್ಳಿಯ ಪಾಲಿ ಶಾಸನ" ಅಂತ ಬರೆದುಬಿಟ್ಟಿದ್ದೆ. ತಪ್ಪು. ಅಲ್ಲಿರೋದು ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ನಿಮ್ಮಲ್ಲಿ ಒಬ್ಬರೂ ಹಿಡೀಲಿಲ್ಲ, ಅದಿರಲಿ!

ಈಗ ಮೊದಲ ಫೋಟೊ ನೋಡಿ. ಕಲಬುರಗಿ ಜಿಲ್ಲೆ, ಭೀಮಾ ನದಿ ದಂಡೆ, ಸನ್ನತಿ ಪಕ್ಕದ ಕನಗನಹಳ್ಳಿ. ಬೌದ್ಧ ಸ್ತೂಪಕ್ಕೆ ಹೊದಿಸಿದ್ದ ಸುಣ್ಣಕಲ್ಲಿನ ಫಲಕ ಇದು. ಒಬ್ಬ ರಾಜ, ಜೊತೆಗೆ ರಾಣಿ, ಛತ್ರಿ-ಚಾಮರ ಹಿಡಿದ ಹೆಂಗಸರು. ಇಂಥ ರಾಜರು ಎಷ್ಟು ಶಿಲ್ಪಗಳಲ್ಲಿ ಇಲ್ಲ ಹೇಳಿ? ಆದ್ರೆ ಇಲ್ಲಿ ಎರಡು ಪದ ಕೆತ್ತಿದ್ದಾರೆ: 'ರಾಯ ಅಸೋಕೋ'. ಅಶೋಕ ರಾಜ! ಆ ಎರಡು ಪದ ಇಲ್ಲದಿದ್ರೆ ಇವನು 'ಯಾರೋ ಒಬ್ಬ ರಾಜ', ಅಷ್ಟೇ. (ಜರ್ನಲ್ ಎಂಟ್ರಿ ಕೆಳಗೆ ನರೇಶನ್ ಬರೀದಿದ್ರೆ ಯಾಕೆ ಮಾರ್ಕ್ಸ್ ಕಟ್ ಮಾಡ್ತಾರೆ ಅಂತ ನನಗೆ ಇಲ್ಲಿ ಅರ್ಥ ಆಯ್ತು.)

ಹಾಗಂತ ಅಶೋಕನನ್ನ ಎದುರಿಗೆ ನಿಲ್ಲಿಸಿಕೊಂಡು ಕೆತ್ತಿದ್ದಲ್ಲ. ಅವನು ಕ್ರಿ.ಪೂ. 3ನೇ ಶತಮಾನದವನು, ಫಲಕ ಆಮೇಲಿನ ಶಾತವಾಹನರ ಕಾಲದ್ದು.

'ಅಶೋಕ' ಹೋಗಿ 'ಅಸೋಕ' ಯಾಕಾಯ್ತು? ಪಾಲಿಯಲ್ಲೂ ಹಾಗೇ: ಶ, ಷ ಇಲ್ಲ, ಸ ಒಂದೇ. ಪಾಲಿ ಅಂದ್ರೆ ತ್ರಿಪಿಟಕದ ಭಾಷೆ, ಈ ಪ್ರಾಕೃತಕ್ಕೆ ಹತ್ತಿರದ ಸಂಬಂಧಿ. ಹೈಸ್ಕೂಲಲ್ಲಿ ಉರು ಹೊಡೆದ ತತ್ಸಮ-ತದ್ಭವ ನೆನಪಿದೆಯಾ? ಶ್ರೀ-ಸಿರಿ, ಆಶ್ಚರ್ಯ-ಅಚ್ಚರಿ, ವಿದ್ಯಾ-ಬಿಜ್ಜೆ. ಪಾಲಿಯಲ್ಲಿ ಇವು ಸಿರಿ, ಅಚ್ಛರಿಯ, ವಿಜ್ಜಾ. ಪಾಲಿಯಿಂದಲೇ ನಮಗೆ ಬಂದವು ಅಂತಲ್ಲ, ಪ್ರಾಕೃತಗಳ ದಾರಿಯಲ್ಲಿ ಬಂದವು. ಆದ್ರೂ ಪಾಲಿ ಪದಕೋಶ ತೆರೆದಾಗ ನನಗೆ ನೆಂಟರ ಮನೆಗೆ ಹೋದ ಹಾಗಾಯ್ತು.

ಚಿತ್ರಗಳಿಗೂ ಒಂದು ಭಾಷೆ ಇದೆ. ಎರಡನೇ ಫೋಟೊದಲ್ಲಿ ಖಾಲಿ ಪೀಠಕ್ಕೆ ಜನ ಕೈಮುಗಿದಿದ್ದಾರಲ್ಲ, ಅಲ್ಲಿ ಬುದ್ಧ ಇದ್ದಾನೆ ಅಂತ ಓದಬೇಕು. ಬೋಧಿವೃಕ್ಷ ಅಂದ್ರೆ ಜ್ಞಾನೋದಯ, ಚಕ್ರ ಅಂದ್ರೆ ಸಾರನಾಥದ ಮೊದಲ ಉಪದೇಶ. ಬುದ್ಧನ ಮೂರ್ತಿಗಳೂ ಇಲ್ಲಿ ಸಿಕ್ಕಿವೆ, ಅವು ಆಮೇಲಿನವು.

ಓದೋಕೆ ಬರದಿದ್ರೆ ಏನಾಗುತ್ತೆ? ಸನ್ನತಿಯಲ್ಲೇ ಉತ್ತರ ಇದೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದುಹೋಯ್ತು. ಕೆಳಗಿದ್ದ ಪೀಠದ ಚಪ್ಪಡಿ ನೋಡಿದ್ರೆ ಎರಡೂ ಮುಖದಲ್ಲಿ ಅಶೋಕನ ಶಾಸನ! ಮೂರ್ತಿ ಕೂರಿಸೋಕೆ ಅಂತ ಯಾವ ಕಾಲದಲ್ಲೋ ನಡುವೆ ತೂತು ಕೊರೆದಿದ್ರು. ಆ ಜಾಗದ ಅಕ್ಷರಗಳು ಹೋಗೇ ಹೋದವು. ನನಗೆ ಅವರ ಮೇಲೆ ಸಿಟ್ಟು ಬರಲ್ಲ. ಅವರ ಕಣ್ಣಿಗೆ ಅದು ಏನೋ ಗೀಚಿದ ಕಲ್ಲು. ಬ್ರಾಹ್ಮಿಯನ್ನ ಮತ್ತೆ ಪೂರ್ತಿ ಓದೋಕೆ ಆಗಿದ್ದೇ 1837ರ ಹೊತ್ತಿಗೆ, ಜೇಮ್ಸ್ ಪ್ರಿನ್ಸೆಪ್ ಕೆಲಸದಿಂದ.

ಕಾಸ್ಟಿಂಗ್ ನೋಟ್‌ಬುಕ್ಕಿನ ಕೊನೆ ಪೇಜಲ್ಲಿ ನಾನೀಗ ಬ್ರಾಹ್ಮಿ ತಿದ್ದುತಾ ಇದ್ದೀನಿ. ಒಂದಕ್ಷರ ನಿಮಗೂ ಹೇಳಿಕೊಡ್ತೀನಿ: ಗಣಿತದ ಪ್ಲಸ್ ಗುರುತು ಇದೆಯಲ್ಲ, ಅದೇ 'ಕ'. ಮೊದಲ ಫೋಟೊಗೆ ವಾಪಸ್ ಹೋಗಿ ಝೂಮ್ ಮಾಡಿ, ಅಸೋಕನ ಹೆಸರಲ್ಲಿ ಅದನ್ನ ಹುಡುಕಿ.